ಕರಿತುದಿ ರೀಫ್ ಶಾರ್ಕ್ ಎಲ್ಲಿ, ಯಾವಾಗ ಕಾಣುತ್ತದೆ: ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವವರಿಗೆ

ಆಳಕ್ಕೆ ಇಳಿದಷ್ಟೂ ಶಾರ್ಕ್ ಜಾಸ್ತಿ ಎಂದು ನಂಬಿ ಹೊರಡುವವರೇ ಹೆಚ್ಚು. ಕರಿತುದಿ ರೀಫ್ ಶಾರ್ಕ್ ವಿಷಯದಲ್ಲಿ ಇದು ಪೂರ್ತಿ ಉಲ್ಟಾ. ಹವಳದ ದಿಬ್ಬದ ಒಳಗೆ ನಿಂತಿರುವ ಲಗೂನಿನ ತಿಳಿನೀರು, ದಿಬ್ಬದ ಸಮತಟ್ಟಾದ ನೆತ್ತಿ, ಬಿಳಿ ಮರಳಿನ ದಂಡೆ, ಇವೇ ಅದರ ಜಾಗ. ಮರಿಗಳಂತೂ ಮೊಣಕಾಲುದ್ದದ ನೀರಿನಲ್ಲೇ ಓಡಾಡುತ್ತವೆ. ದೊಡ್ಡವು ದಿಬ್ಬದ ಅಂಚಿನಲ್ಲಿ 20–30 ಮೀಟರ್‌ವರೆಗೂ ಸಿಗುತ್ತವೆ, ಆದರೆ ಟ್ಯಾಂಕ್ ಹೊತ್ತು ಬುಳುಬುಳು ಗುಳ್ಳೆ ಬಿಡುತ್ತ ಬರುವ ಮನುಷ್ಯನನ್ನು ಕಂಡರೆ ದೂರದಿಂದಲೇ ಸರಿದುಬಿಡುತ್ತವೆ. ಹಾಗಾಗಿ ಎಲ್ಲಿಗೆ ಹೋಗಬೇಕೆಂದು ನೋಡುವಾಗ ಅಲ್ಲಿನ ಡೈವಿಂಗ್ ಎಷ್ಟು ಹೆಸರುವಾಸಿ ಎನ್ನುವುದಕ್ಕಿಂತ ಅಲ್ಲಿ ಲಗೂನ್ ಇದೆಯೇ, ನಿಮಗೆ ರಜೆ ಸಿಗುವ ತಿಂಗಳಲ್ಲಿ ಆ ಸಮುದ್ರ ಶಾಂತವಾಗಿರುತ್ತದೆಯೇ ಎಂದು ಮೊದಲು ಕೇಳಿ. ದುಬಾರಿ ಡೈವ್‌ಗೆ ದುಡ್ಡು ಸುರಿದವರು ಬರಿಗೈಲಿ ಬಂದದ್ದಿದೆ. ಅದೇ ದ್ವೀಪದ ದಂಡೆಯಲ್ಲಿ ಸ್ನಾರ್ಕೆಲ್ (ಮುಖ ನೀರಿನಲ್ಲಿಟ್ಟೇ ಬಾಯಿಂದ ಉಸಿರಾಡುವ ಕೊಳವೆ) ಹಾಕಿ ತೇಲಿದವರು ಬೆಳಗಿನ ಚಹಾಕ್ಕೆ ಮೊದಲೇ ನಾಲ್ಕಾರು ನೋಡಿದ್ದೂ ಇದೆ.

ಕಂಡದ್ದು ಅದೇ ಜಾತಿಯೋ ಅಲ್ಲವೋ

ಬೆನ್ನಿನ ರೆಕ್ಕೆಯ ತುದಿ ಮಸಿ ಬಳಿದಂತೆ ಕಪ್ಪು, ಅದರ ಕೆಳಗೇ ಒಂದು ತಿಳಿ ಪಟ್ಟೆ. ಆ ಪಟ್ಟೆಯಿಂದಾಗಿಯೇ ಕಪ್ಪು ಎದ್ದು ಕಾಣುತ್ತದೆ. ಬಾಲದ ಕೆಳಗಿನ ಹಾಳೆಯ ತುದಿಯೂ ಕಪ್ಪು. ಮೈ ಕಂದು–ಬೂದು, ಮೂತಿ ಗಿಡ್ಡ ಮತ್ತು ಮೊಂಡು, ಪಕ್ಕೆಯುದ್ದಕ್ಕೂ ಬಿಳಿ ಗೆರೆಯೊಂದು ಹಿಂದಿನಿಂದ ಮುಂದಕ್ಕೆ ಚೂಪಾಗುತ್ತ ಬರುತ್ತದೆ. ಉದ್ದ ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸು, ಹುಟ್ಟಿದ ಮರಿ ಅರ್ಧ ಮೀಟರೂ ಇರುವುದಿಲ್ಲ. ಗೈಡ್‌ಗಳು ಬಾಯಿಮಾತಿಗೆ ಬರೀ ‘ಬ್ಲಾಕ್‌ಟಿಪ್’ ಎನ್ನುತ್ತಾರೆ. ಅದೇ ಹೆಸರಿನ ಇನ್ನೊಂದು ದೊಡ್ಡ ಶಾರ್ಕ್ ತೆರೆದ ನೀರಿನಲ್ಲಿದೆ, ಅದು ಬೇರೆ ಜಾತಿ. ಬುಕಿಂಗ್ ಮಾಡುವಾಗ ‘ರೀಫ್’ ಎಂಬ ಪದ ಸೇರಿಸಿಯೇ ಕೇಳಿ.

ಬಂಡೆಯ ಕೆಳಗೆ, ಮರಳಿನ ಮೇಲೆ ಸುಮ್ಮನೆ ಮಲಗಿದ್ದರೆ ಅದು ಹೆಚ್ಚಾಗಿ ಬಿಳಿತುದಿ ರೀಫ್ ಶಾರ್ಕ್. ಅದು ಬಿದ್ದಲ್ಲೇ ಬಾಯಿಂದ ನೀರು ಎಳೆದು ಕಿವಿರಿಗೆ ಹಾಯಿಸಬಲ್ಲದು. ಕರಿತುದಿ ಈಜುತ್ತಲೇ ಇರುತ್ತದೆ, ಮಲಗಿದ್ದನ್ನು ನೋಡಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೆಳೆತವಿರುವ ಕಾಲುವೆಯ ಬಾಯಿಯಲ್ಲಿ, ಆಳದಲ್ಲಿ ದಪ್ಪ ಮೈಯ ಶಾರ್ಕ್‌ಗಳು ಗುಂಪಾಗಿ ನಿಂತಿದ್ದರೆ ಅವು ಬೂದು ರೀಫ್ ಶಾರ್ಕ್. ಅವುಗಳ ಬಾಲದ ಹಿಂದಂಚೆಲ್ಲ ಕಪ್ಪು, ಬೆನ್ನಿನ ರೆಕ್ಕೆಯ ತುದಿಗೆ ಮಾತ್ರ ಕಪ್ಪಿಲ್ಲ. ಮಾಲ್ದೀವ್ಸ್ ಕಡೆಯವುಗಳಲ್ಲಿ ಆ ರೆಕ್ಕೆಯ ಅಂಚು ಬಿಳಿಯಾಗಿಯೇ ಇರುತ್ತದೆ.

ಇವುಗಳಿಗೆ ತಿರುಗಾಟ ಕಡಿಮೆ ಎನ್ನುವುದು ನಮ್ಮ ಪಾಲಿನ ಅನುಕೂಲ. ಪೆಸಿಫಿಕ್‌ನ ಪಾಲ್ಮೈರಾ ಹವಳದ್ವೀಪದಲ್ಲಿ ಬೆನ್ನುಹತ್ತಿ ಅಳೆದಾಗ ಒಂದೊಂದು ಶಾರ್ಕಿನ ಓಡಾಟದ ವ್ಯಾಪ್ತಿ ಸುಮಾರು ಅರ್ಧ ಚದರ ಕಿಲೋಮೀಟರ್ ಅಷ್ಟೇ ಇತ್ತು. ನಿನ್ನೆ ಕಂಡ ದಂಡೆಯಲ್ಲಿ ಇವತ್ತೂ ಕಾಣುವ ಸಾಧ್ಯತೆ ಹೆಚ್ಚು ಎಂದಾಯಿತು. ದ್ವೀಪದಲ್ಲಿ ಇಳಿದ ಸಂಜೆಯೇ ಅಲ್ಲಿನ ಹುಡುಗರನ್ನು ಕೇಳಿಬಿಡಿ: ‘ಯಾವ ದಂಡೆಗೆ ಬರ್ತಾವ, ಎಷ್ಟು ಗಂಟೆಗೆ?’

ಮಾಲ್ದೀವ್ಸ್

ಪಾಸ್‌ಪೋರ್ಟ್ ಇದ್ದು ಇದೊಂದೇ ಶಾರ್ಕ್ ನೋಡುವುದು ಗುರಿಯಾಗಿದ್ದರೆ ನಾವು ಮೊದಲು ಹೇಳುವುದು ಮಾಲ್ದೀವ್ಸನ್ನೇ. 2010ರಲ್ಲಿ ಅಲ್ಲಿ ಶಾರ್ಕ್ ಹಿಡಿಯುವುದನ್ನು ದೇಶದಾದ್ಯಂತ ನಿಲ್ಲಿಸಿದರು. ಲಗೂನ್ ಇಲ್ಲದ ದ್ವೀಪವೇ ಅಲ್ಲಿ ಅಪರೂಪ. ಮರಿಗಳು ವರ್ಷವಿಡೀ ದಂಡೆಯಲ್ಲಿರುತ್ತವೆ, ಜೆಟ್ಟಿಯ ಮೇಲೆ ನಿಂತೇ ಕಾಣುತ್ತವೆ. ಲಕ್ಷಗಟ್ಟಲೆ ಕೊಟ್ಟು ರೆಸಾರ್ಟ್‌ಗೆ ಹೋಗುವ ಅಗತ್ಯವಿಲ್ಲ. ಸ್ಥಳೀಯರು ವಾಸಿಸುವ ದ್ವೀಪಗಳ ಗೆಸ್ಟ್‌ಹೌಸ್‌ಗಳಲ್ಲಿ ಉಳಿದು, ಆ ಊರಿನ ಡೈವ್ ಅಂಗಡಿಯವರ ಜೊತೆ ನೀರಿಗಿಳಿದರೆ ಸಾಕು.

ಜನವರಿಯಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾರುತದ ಕಾಲ. ಮಳೆ ಕಡಿಮೆ, ನೀರು ತಿಳಿ. ಆಗ ಸೆಳೆತ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವುದರಿಂದ ಹೊರಸಮುದ್ರದ ಶುದ್ಧ ನೀರು ಹವಳದ್ವೀಪಗಳ ಪೂರ್ವದ ಕಾಲುವೆಗಳಿಗೆ ನುಗ್ಗುತ್ತದೆ. ಬೂದು ರೀಫ್ ಶಾರ್ಕ್‌ಗಳನ್ನೂ ನೋಡುವ ಆಸೆ ಇದ್ದವರು ಆ ಬದಿಯ ಡೈವ್ ಆರಿಸಬೇಕು. ಮೇಯಿಂದ ಅಕ್ಟೋಬರ್‌ವರೆಗೆ ಇದು ತಿರುವುಮುರುವು: ಪಶ್ಚಿಮದ ಕಾಲುವೆ ತಿಳಿ, ಪೂರ್ವ ಮಬ್ಬು. ಕರಿತುದಿ ನೋಡಲು ಬಂದವರಿಗೆ ಈ ಲೆಕ್ಕಕ್ಕಿಂತ ಗಾಳಿಯ ಲೆಕ್ಕ ಮುಖ್ಯ. ಮಳೆಗಾಲದಲ್ಲಿ ಗಾಳಿ ನೈಋತ್ಯದಿಂದ ಹೊಡೆಯುತ್ತದೆ, ದ್ವೀಪದ ಪೂರ್ವ ದಂಡೆ ಮರೆಯಾಗಿ ಶಾಂತವಾಗಿರುತ್ತದೆ. ಸ್ನಾರ್ಕೆಲ್ ಅಲ್ಲಿ ಹಾಕಿ.

ಕೈಕೊಡುವ ಕೆಲವು ಸಂಗತಿಗಳಿವೆ. ರಂಜಾನ್ ತಿಂಗಳಲ್ಲಿ ಸ್ಥಳೀಯ ದ್ವೀಪಗಳಲ್ಲಿ ಹಗಲು ಹೋಟೆಲ್‌ಗಳು ಮುಚ್ಚಿರುತ್ತವೆ, ದೋಣಿಯ ಸಮಯವೂ ಬದಲಾಗುತ್ತದೆ. ಈಗಿನ ವರ್ಷಗಳಲ್ಲಿ ರಂಜಾನ್ ಬೀಳುತ್ತಿರುವುದು ಫೆಬ್ರುವರಿ–ಮಾರ್ಚ್‌ನಲ್ಲಿ, ಅಂದರೆ ಸಮುದ್ರ ಅತ್ಯುತ್ತಮವಾಗಿರುವ ಹೊತ್ತಿನಲ್ಲೇ. ಉಪವಾಸ ಮಾಡುವವರು ಆ ತಿಂಗಳು ಡೈವ್ ಬಿಡುವುದೇ ಒಳ್ಳೆಯದು, ನೀರು ಕುಡಿಯದೆ ಡೈವ್ ಮಾಡಿದರೆ ಡಿಕಂಪ್ರೆಷನ್ ತೊಂದರೆಯ (ಮೈಯಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗುವುದು) ಅಪಾಯ ಹೆಚ್ಚುತ್ತದೆ. ಮದ್ಯ, ಹಂದಿ ಮಾಂಸ, ಪೂಜೆಯ ವಿಗ್ರಹ ಒಯ್ಯುವಂತಿಲ್ಲ. ಪ್ರಯಾಣಕ್ಕೆ 96 ಗಂಟೆಯೊಳಗೆ ಆನ್‌ಲೈನ್ ಪ್ರಯಾಣಿಕರ ಘೋಷಣೆ ತುಂಬಬೇಕು, ಇದನ್ನು ಮರೆತು ವಿಮಾನ ನಿಲ್ದಾಣದಲ್ಲಿ ಮೊಬೈಲ್ ಹಿಡಿದು ಬೆವರುವವರು ಬಹಳ. ಸಸ್ಯಾಹಾರಿಗಳಿಗೆ ಸಣ್ಣ ದ್ವೀಪಗಳಲ್ಲಿ ಆಯ್ಕೆ ಕಡಿಮೆ, ಬೆಳಗಿನ ತಿಂಡಿಗೂ ಟ್ಯೂನಾ ಮೀನು ಬೀಳುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬ್ಯಾಗಿನಲ್ಲಿದ್ದರೆ ನಾಲ್ಕು ದಿನ ಚಿಂತೆಯಿಲ್ಲ.

ಮೀನಿನ ತುಂಡು ಎಸೆದು ಶಾರ್ಕ್ ಕರೆಸುವ ಪ್ಯಾಕೇಜ್‌ಗಳೂ ಅಲ್ಲಿ ಸಿಗುತ್ತವೆ. ಫೋಟೋ ಸಲೀಸಾಗಿ ಬರುತ್ತದೆ ನಿಜ. ಆದರೆ ಮನುಷ್ಯನ ಕೈ ಎಂದರೆ ತಿನಿಸು ಎಂದು ಕಲಿತ ಶಾರ್ಕ್ ಮುಂದಿನವನ ಕೈಗೂ ಬಾಯಿ ಹಾಕುತ್ತದೆ. ಅಂಥದ್ದನ್ನು ಬಿಡಿ.

ಲಕ್ಷದ್ವೀಪ

ನೀರಿನ ಲೆಕ್ಕದಲ್ಲಿ ಮಾಲ್ದೀವ್ಸ್‌ಗೆ ಸಾಟಿ ನಮ್ಮ ದೇಶದಲ್ಲಿ ಇದೊಂದೇ. ಬಹುತೇಕ ದ್ವೀಪಗಳು ಹವಳದಿಬ್ಬದ ಪೂರ್ವ ಅಂಚಿನಲ್ಲಿ ಕೂತಿವೆ, ಪಶ್ಚಿಮಕ್ಕೆ ಕೆಲವೇ ಮೀಟರ್ ಆಳದ ಅಗಲವಾದ ಲಗೂನ್. ಅಗತ್ತಿ, ಬಂಗಾರಂ, ಕಡಮತ್ ಈ ಮೂರರಲ್ಲಿ ಯಾವುದು ಸಿಕ್ಕರೂ ಸರಿ. ಡೈವ್ ತರಬೇತಿಯೂ ಬೇಕಿದ್ದರೆ ಕಡಮತ್. ಲಗೂನಿನ ಮರಳಿನ ಮೇಲೆ, ಉಬ್ಬರ ಏರುವ ಹೊತ್ತಿಗೆ ಮರಿಗಳು ದಂಡೆಯಂಚಿಗೆ ಬರುತ್ತವೆ.

ಅಡ್ಡಿ ಇರುವುದು ಪರವಾನಗಿಯಲ್ಲಿ. ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಅದೂ ನಿರ್ದಿಷ್ಟ ದ್ವೀಪದ ಹೆಸರಿಗೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದರೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಆಧಾರ್‌ನಲ್ಲಿ ಹಳೆಯ ವಿಳಾಸ, ಅರ್ಜಿಯಲ್ಲಿ ಹೊಸ ವಿಳಾಸ ಇದ್ದರೆ ಫೈಲು ಠಾಣೆಯಿಂದ ಠಾಣೆಗೆ ಅಲೆಯುತ್ತದೆ, ಮೊದಲು ಅದನ್ನು ಸರಿಮಾಡಿಕೊಳ್ಳಿ. ಎರಡು ತಿಂಗಳು ಮೊದಲೇ ಶುರು ಮಾಡಿದವರಿಗೆ ನಿದ್ದೆ ಬರುತ್ತದೆ. ಪರವಾನಗಿ ಕೈಗೆ ಬರುವ ಮುನ್ನ ಹಣ ವಾಪಸ್ ಬಾರದ ಟಿಕೆಟ್ ತೆಗೆಯಬೇಡಿ.

ಹೋಗುವ ದಾರಿ ಕೊಚ್ಚಿ. ಪುಣೆ–ಕನ್ಯಾಕುಮಾರಿ ರೈಲು ಕಲಬುರಗಿ, ವಾಡಿ, ಯಾದಗಿರಿ ಮೇಲೆಯೇ ಎರ್ನಾಕುಳಂ ಮುಟ್ಟುತ್ತದೆ, ರೈಲು ಬದಲಿಸುವ ಕೆಲಸವಿಲ್ಲ. ಬೀದರಿನವರಿಗೆ ಹೈದರಾಬಾದಿನಿಂದ ವಿಮಾನ ಸುಲಭ. ಕೊಚ್ಚಿಯಿಂದ ಅಗತ್ತಿಗೆ ಸಣ್ಣ ವಿಮಾನ, ಅದರಲ್ಲಿ ಲಗೇಜ್ ಮಿತಿ ಬಿಗಿ. ಡೈವ್ ಸಾಮಾನು ಅಲ್ಲೇ ಬಾಡಿಗೆಗೆ ತೆಗೆದುಕೊಂಡು ಮಾಸ್ಕ್ (ಕಣ್ಣು, ಮೂಗು ಮುಚ್ಚುವ ಗಾಜಿನ ಮುಖವಾಡ) ಮಾತ್ರ ಸ್ವಂತದ್ದು ಒಯ್ಯಿರಿ. ಹಡಗಿನಲ್ಲಾದರೆ ದ್ವೀಪವನ್ನು ನೋಡಿಕೊಂಡು 14ರಿಂದ 20 ಗಂಟೆ. ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಹಂಗಾಮು, ಜೂನ್ ಬಂದರೆ ಲಗೂನಿನ ಬಾಯಿ ದಾಟಲು ಅಲೆ ಬಿಡುವುದಿಲ್ಲ.

ಜೋಳಿಗೆ ತುಂಬ ದುಡ್ಡಿಲ್ಲದಿದ್ದರೂ ಸಮಯ, ತಾಳ್ಮೆ ಎರಡೂ ಇದ್ದವರಿಗೆ ಲಕ್ಷದ್ವೀಪ. ಒಂದು ವಾರ ಮಾತ್ರ ರಜೆ ಸಿಗುವ ನೌಕರದಾರರಿಗೆ ಮಾಲ್ದೀವ್ಸೇ ಹಗುರ.

ಅಂಡಮಾನ್, ನೇತ್ರಾಣಿ

ಇವೆರಡನ್ನೂ ಒಟ್ಟಿಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ನಮ್ಮ ಕಡೆಯವರು ಡೈವಿಂಗ್ ಎಂದರೆ ಮೊದಲು ಹೆಸರಿಸುವುದು ಇವನ್ನೇ, ಆದರೆ ಕರಿತುದಿ ನೋಡಲು ಇವೆರಡೂ ಮೊದಲ ಆಯ್ಕೆ ಅಲ್ಲ.

ಹ್ಯಾವ್ಲಾಕ್ ದ್ವೀಪಕ್ಕೆ (2018ರಿಂದ ಸ್ವರಾಜ್ ದ್ವೀಪ) ಹೋದ ಡೈವರ್‌ಗಳಿಗೆ ಹೆಚ್ಚಾಗಿ ಸಿಗುವುದು ಬಿಳಿತುದಿ. ಜಾನೀಸ್ ಗಾರ್ಜ್ ಎಂಬ ತಾಣ ಅದಕ್ಕೇ ಪ್ರಸಿದ್ಧ. ಅದು 30 ಮೀಟರ್ ಹತ್ತಿರದ ಆಳ, ಅಡ್ವಾನ್ಸ್‌ಡ್ ಸರ್ಟಿಫಿಕೇಟ್ ಬೇಕು. ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಕಲಿತವರ ಮಿತಿ 18 ಮೀಟರ್, ಕಲಿಯದೆ ಮಾಡುವ ಮೊದಲ ಡೈವ್‌ಗೆ 12. ಮೊದಲ ಡೈವ್‌ನಲ್ಲೇ ಶಾರ್ಕ್ ತೋರಿಸುತ್ತೇವೆ ಎಂದು ಯಾರಾದರೂ ಮಾತು ಕೊಟ್ಟರೆ ಆ ಅಂಗಡಿಯಿಂದ ಹೊರಗೆ ಬನ್ನಿ. ಕರಿತುದಿ ಅಲ್ಲಿ ಇಲ್ಲವೆಂದಲ್ಲ, ದಂಡೆಯ ತೆಳುನೀರಿನಲ್ಲಿ ಮರಿಗಳು ಕಾಣುತ್ತವೆ, ಆದರೆ ಅದು ಅದೃಷ್ಟದ ಮಾತು. ಅಂಡಮಾನ್ ಒಳ್ಳೆಯದು ಡೈವಿಂಗ್ ಕಲಿಯುವುದಕ್ಕೆ: ಜನವರಿಯಿಂದ ಏಪ್ರಿಲ್, ಬೆಚ್ಚಗಿನ ನೀರು, ಒಳ್ಳೆಯ ಶಿಕ್ಷಕರು, ಮೂರ್ನಾಲ್ಕು ದಿನದ ಕೋರ್ಸ್. ಹೈದರಾಬಾದಿನಿಂದ ವಿಮಾನ ಇಳಿಯುವುದು ಪೋರ್ಟ್ ಬ್ಲೇರ್‌ನಲ್ಲಿ, ಈಗಿನ ಹೆಸರು ಶ್ರೀ ವಿಜಯಪುರಂ. ಅಲ್ಲಿಂದ ಫೆರಿ ಒಂದೂವರೆಯಿಂದ ಎರಡೂವರೆ ಗಂಟೆ. ಮರಳುವಾಗ ಫೆರಿ ಒಂದು ದಿನ ರದ್ದಾದರೂ ವಿಮಾನ ತಪ್ಪದಂತೆ ಒಂದು ರಾತ್ರಿಯನ್ನು ಕೊನೆಗೆ ಖಾಲಿ ಬಿಡಿ. ಡೈವ್ ಆದ ಮೇಲೆ ವಿಮಾನ ಹತ್ತುವ ಮುನ್ನ ಬಿಡಬೇಕಾದ ವಿರಾಮಕ್ಕೂ ಆ ಖಾಲಿ ದಿನ ಬೇಕೇ ಬೇಕು, ಕಾರಣ ಮುಂದೆ ನೇತ್ರಾಣಿಯ ಮಾತಿನಲ್ಲಿದೆ.

ಮುರ್ಡೇಶ್ವರದಿಂದ ಬೋಟ್‌ನಲ್ಲಿ ಒಂದು–ಒಂದೂವರೆ ಗಂಟೆ ಹೋದರೆ ನೇತ್ರಾಣಿ. ಲಗೂನ್ ಇಲ್ಲ, ನೇರವಾಗಿ ಸಮುದ್ರದಿಂದ ಎದ್ದ ಬಂಡೆ. ಶಾರ್ಕ್ ಆಗೊಮ್ಮೆ ಈಗೊಮ್ಮೆ ಕಾಣುತ್ತದೆ, ಅದನ್ನೇ ನಂಬಿ ಹೋಗಬಾರದು. ನೀರಿನ ತಿಳಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿ ತಕ್ಕಮಟ್ಟಿಗೆ ಭರವಸೆಯ ಕಾಲ. ವಿಮಾನ ಹತ್ತದೆ, ವೀಸಾ ಇಲ್ಲದೆ ನಿಮ್ಮ ಕಿವಿ, ಉಸಿರು, ಹೆದರಿಕೆ ಮೂರನ್ನೂ ಪರೀಕ್ಷಿಸಿಕೊಳ್ಳಲು ಮಾತ್ರ ಇದಕ್ಕಿಂತ ಅಗ್ಗದ ಜಾಗ ನಮಗಿಲ್ಲ.

ನೇತ್ರಾಣಿಗೆ ಹೋಗುವ ನಮ್ಮ ಭಾಗದವರು ಒಂದು ತಪ್ಪು ತಪ್ಪದೆ ಮಾಡುತ್ತಾರೆ. ಕಲಬುರಗಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಬೆಳಿಗ್ಗೆ ಇಳಿದು, ಅರೆನಿದ್ದೆಯಲ್ಲೇ ಬೋಟ್ ಹತ್ತಿ, ಎರಡು ಡೈವ್ ಮುಗಿಸಿ ಅದೇ ಸಂಜೆ ಹುಬ್ಬಳ್ಳಿ ಕಡೆ ಹೊರಡುತ್ತಾರೆ. ಡೈವ್ ಮಾಡಿದಾಗ ಮೈಯಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು, ಎತ್ತರಕ್ಕೆ ಏರಿದರೆ ಗಾಳಿಯ ಒತ್ತಡ ಇಳಿದು ಅದು ಗುಳ್ಳೆಯಾಗಬಹುದು. ಈ ಎಚ್ಚರಿಕೆಯನ್ನು ಎಲ್ಲರೂ ವಿಮಾನಕ್ಕಷ್ಟೇ ಎಂದುಕೊಂಡಿರುತ್ತಾರೆ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನೀವು 600 ಮೀಟರ್ ಮೇಲಿರುತ್ತೀರಿ. ವಿಮಾನದ ನಿಯಮ ಅನ್ವಯವಾಗುವ ಎತ್ತರ ಶುರುವಾಗುವುದೇ ಅಲ್ಲಿಂದ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಎರಡು ಡೈವ್ ಅಥವಾ ಹಲವು ದಿನದ ಡೈವ್ ಆದರೆ ಕನಿಷ್ಠ 18 ಗಂಟೆ ತಡೆಯಬೇಕು. ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಮರುದಿನ ಬೆಳಿಗ್ಗೆ ತಡವಾಗಿ ಹೊರಡಿ. ಬೀದರಿನವರ ಊರೂ 600 ಮೀಟರ್ ಮೇಲೆಯೇ ಇದೆ. ಬರೀ ಸ್ನಾರ್ಕೆಲ್ ಮಾಡಿ ಮೇಲ್ನೀರಿನಲ್ಲೇ ತೇಲಿದವರಿಗೆ ಈ ಗೋಳಿಲ್ಲ, ಸಂಜೆಯೇ ಹೊರಡಬಹುದು.

ಜೂನ್‌ನಿಂದ ಸೆಪ್ಟೆಂಬರ್: ಪೂರ್ವಕ್ಕೆ ನೋಡಿ

ಮುಂಗಾರಿನಲ್ಲಿ ಅರಬ್ಬಿ ಸಮುದ್ರವೂ ಅಂಡಮಾನೂ ಕೆರಳಿರುವಾಗ ಥೈಲ್ಯಾಂಡ್ ಕೊಲ್ಲಿ ಶಾಂತವಾಗಿರುತ್ತದೆ. ಅಲ್ಲಿನ ಕೋ ತಾವ್ ದ್ವೀಪಕ್ಕೆ ಮಾರ್ಚ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಮಳೆ ಬಿರುಸಾಗುವುದು ನವೆಂಬರ್–ಡಿಸೆಂಬರ್‌ನಲ್ಲಿ. ದ್ವೀಪದ ದಕ್ಷಿಣಕ್ಕಿರುವ ಥಿಯನ್ ಓಗ್ ಕೊಲ್ಲಿಯನ್ನು ಎಲ್ಲರೂ ಶಾರ್ಕ್ ಬೇ ಎಂದೇ ಕರೆಯುತ್ತಾರೆ. ಅಲ್ಲಿ ಕಾಣುವುದು ಕರಿತುದಿಯೇ. ಬೆಳಿಗ್ಗೆ ಬೇಗ, ಬೋಟ್‌ಗಳ ಗದ್ದಲ ಶುರುವಾಗುವ ಮೊದಲು ದಂಡೆಯಿಂದಲೇ ನಡೆದು ಇಳಿಯಬೇಕು. ಬ್ಯಾಂಕಾಕ್‌ನಿಂದ ಚುಂಪೋನ್‌ವರೆಗೆ ರೈಲು ಇಲ್ಲವೇ ಬಸ್, ಅಲ್ಲಿಂದ ಫೆರಿ.

ಮಲೇಷ್ಯಾದ ಪೂರ್ವ ಕರಾವಳಿಯ ಪೆರ್ಹೆಂತಿಯನ್ ದ್ವೀಪಗಳೂ ಇದೇ ಕಾಲದವು: ಮಾರ್ಚ್‌ನಿಂದ ಅಕ್ಟೋಬರ್ ತೆರೆದಿದ್ದು ನವೆಂಬರ್‌ನಿಂದ ಫೆಬ್ರುವರಿ ಬಹುಪಾಲು ಮುಚ್ಚಿರುತ್ತವೆ. ಎರಡರಲ್ಲಿ ದೊಡ್ಡ ದ್ವೀಪದ ಶಾರ್ಕ್ ಪಾಯಿಂಟ್‌ನಲ್ಲಿ ಸ್ನಾರ್ಕೆಲ್ ಬೋಟ್‌ಗಳು ನಿಲ್ಲುತ್ತವೆ. ಕುಆಲ ಬೆಸುತ್ ಜೆಟ್ಟಿಯಿಂದ ಅರ್ಧ–ಮುಕ್ಕಾಲು ಗಂಟೆ. ಕಲಿಯಲೂ ಬೇಕು, ಶಾರ್ಕೂ ಬೇಕು ಎಂದರೆ ಕೋ ತಾವ್. ಮಕ್ಕಳನ್ನು ಕರೆದುಕೊಂಡು ಹೋಗುವ ಕುಟುಂಬಕ್ಕೆ ಪೆರ್ಹೆಂತಿಯನ್ ಹಿತ. ವೀಸಾ ನಿಯಮ ಎರಡು ದೇಶಗಳಲ್ಲೂ ಆಗಾಗ ಬದಲಾಗುತ್ತದೆ, ಟಿಕೆಟ್‌ಗೆ ಮುಂಚೆ ಸರ್ಕಾರಿ ಜಾಲತಾಣದಲ್ಲೇ ನೋಡಿ.

ಫುಕೆಟ್–ಕ್ರಾಬಿ ಕಡೆ ಹೋಗುವವರು ಫಿ ಫಿ ದ್ವೀಪದ ಮಾಯಾ ಬೇ ಹೆಸರು ಕೇಳಿರುತ್ತೀರಿ. ಜನ ತುಳಿದು ಹಾಳಾಗಿದ್ದ ಆ ಕೊಲ್ಲಿಯನ್ನು 2018ರಲ್ಲಿ ಮುಚ್ಚಿ 2022ರ ಜನವರಿಯಲ್ಲಿ ತೆರೆದರು. ಆ ನಡುವೆ ಕರಿತುದಿಗಳು ತಾವಾಗಿಯೇ ಮರಳಿದವು. ಈಗ ಪ್ರತಿ ಆಗಸ್ಟ್–ಸೆಪ್ಟೆಂಬರ್ ಮುಚ್ಚುತ್ತಾರೆ, ಈಜುವಂತಿಲ್ಲ, ದಂಡೆಯಲ್ಲಿ ನಿಂತು ನೋಡಬೇಕು. ಈಜು ಬಾರದ ಅಪ್ಪ–ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಇದಕ್ಕಿಂತ ಸುಲಭದ ಜಾಗವಿಲ್ಲ. ಹೋಗುವುದು ನವೆಂಬರ್–ಏಪ್ರಿಲ್ ನಡುವೆ.

ನಮ್ಮ ವರ್ಷಕ್ಕೆ ಹೊಂದಿಸುವುದು

ತೊಗರಿ ಬೆಳೆಯುವ ಮನೆಯವರಿಗೆ ಡಿಸೆಂಬರ್–ಜನವರಿಯ ಮಾತೇ ಬೇಡ. ರಾಶಿ ಮುಗಿದು, ಮಾಲು ಮಾರಿದ ಮೇಲೆ ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೋಗುವುದು ಕೈಗೂ ಸಮುದ್ರಕ್ಕೂ ಹೊಂದುತ್ತದೆ. ರಾಶಿಯ ಧೂಳಿನಲ್ಲಿ ನಿಂತು ಮೂಗು ಕಟ್ಟಿಕೊಂಡವರು ಕನಿಷ್ಠ ಎರಡು ವಾರ ಬಿಟ್ಟು ಹೊರಡಿ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸಮ ಮಾಡಲು ಆಗುವುದಿಲ್ಲ, ಬಲವಂತವಾಗಿ ಇಳಿದರೆ ತಮಟೆ ಹರಿಯುತ್ತದೆ. ಮೂಗು ಬಿಡಿಸುವ ಗುಳಿಗೆ ನುಂಗಿ ಇಳಿದರೆ ಅದರ ಪ್ರಭಾವ ಆಳದಲ್ಲೇ ಮುಗಿದು ಮೇಲೆ ಬರುವಾಗ ಗಾಳಿ ಸಿಕ್ಕಿಕೊಳ್ಳಬಹುದು.

ಶಾಲೆಯ ಮಕ್ಕಳಿರುವವರಿಗೆ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದೊಳಗೆ ಲಕ್ಷದ್ವೀಪ ಅಥವಾ ಮಾಲ್ದೀವ್ಸ್. ಮೇ ಎರಡನೇ ಭಾಗಕ್ಕೆ ಜಾರಿದರೆ ಪೆರ್ಹೆಂತಿಯನ್. ದಸರಾ ರಜೆ ಕಷ್ಟದ್ದು: ಅಕ್ಟೋಬರ್ ಆರಂಭದಲ್ಲಿ ಲಕ್ಷದ್ವೀಪದ ಸಮುದ್ರ ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಪೆರ್ಹೆಂತಿಯನ್ ಮುಚ್ಚುವ ಹೊತ್ತು ಹತ್ತಿರ. ಆಗ ಮಾಲ್ದೀವ್ಸ್‌ನ ಪೂರ್ವ ದಂಡೆಯ ಗೆಸ್ಟ್‌ಹೌಸ್ ಸುರಕ್ಷಿತ ಆಯ್ಕೆ.

ಯಾವ ಜಾಗ ಆರಿಸಿದರೂ ಎರಡು ಬೆಳಗುಗಳನ್ನು ದಂಡೆಗೆಂದೇ ಮೀಸಲಿಡಿ. ಆ ದಿನದ ಉಬ್ಬರದ ಸಮಯ ನೋಡಿಕೊಂಡು, ನೀರು ಏರುತ್ತಿರುವಾಗ, ಸೂರ್ಯ ಹುಟ್ಟಿದ ಮೇಲಿನ ಮೊದಲ ಒಂದೆರಡು ಗಂಟೆಯಲ್ಲಿ ಇಳಿಯಿರಿ. ಎದೆಮಟ್ಟದ ನೀರಿನಲ್ಲಿ ಮುಖ ಮುಳುಗಿಸಿ, ಕೈ ಆಡಿಸದೆ, ಫಿನ್ (ಪಾದಕ್ಕೆ ಹಾಕುವ ರಬ್ಬರ್ ರೆಕ್ಕೆ) ಮೇಲಕ್ಕೆ ಬಡಿಯದೆ ತೇಲಿ. ಶಾರ್ಕ್ ಮೊದಲು ಒಂದು ಸುತ್ತು ದೂರದಲ್ಲಿ ಹಾಯುತ್ತದೆ. ನೀವು ಅಲ್ಲೇ ಇದ್ದರೆ ಎರಡನೇ ಸುತ್ತು ಹತ್ತಿರ ಬರುತ್ತದೆ, ಬೆನ್ನಟ್ಟಿದಿರೋ ಆ ದಿನಕ್ಕೆ ಮುಗಿಯಿತು. ಇದು ಅಂಜುಬುರುಕ ಪ್ರಾಣಿ, ಇದರಿಂದ ಯಾರೂ ಸತ್ತ ದಾಖಲೆಯಿಲ್ಲ. ಕಚ್ಚಿದ ಕೆಲವು ಪ್ರಸಂಗಗಳಲ್ಲಿ ಹೆಚ್ಚಿನವು ತೆಳುನೀರಿನಲ್ಲಿ ನಡೆಯುತ್ತಿದ್ದವರ ಕಾಲನ್ನು ಬೇಟೆಯೆಂದು ಭ್ರಮಿಸಿದ್ದು. ಹಾಗಾಗಿ ಮೊಣಕಾಲುದ್ದದ ನೀರಿನಲ್ಲಿ ಚಪಚಪ ಸದ್ದು ಮಾಡುತ್ತ ಅಡ್ಡಾಡುವುದಕ್ಕಿಂತ ತೇಲುವುದು ಒಳ್ಳೆಯದು. ಮೀನು ಸ್ವಚ್ಛ ಮಾಡುವ ಜಾಗದ ಹತ್ತಿರ ಇಳಿಯಲೇ ಬೇಡಿ.

ಬಾವಿಯಲ್ಲಿ ಈಜು ಕಲಿತವರಿಗೆ ತಲೆ ಎತ್ತಿಯೇ ಈಜುವ ರೂಢಿ. ಸ್ನಾರ್ಕೆಲ್‌ಗೆ ಅದು ನಡೆಯುವುದಿಲ್ಲ. ಊರಿನ ಈಜುಕೊಳದಲ್ಲಿ ಎರಡು ವಾರ, ಮುಖ ನೀರಿನಲ್ಲಿಟ್ಟು ಬಾಯಿಯಿಂದಷ್ಟೇ ಉಸಿರಾಡುವುದನ್ನು ರೂಢಿ ಮಾಡಿಕೊಳ್ಳಿ. ಮಾಸ್ಕ್ ಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ, ಕೈ ಬಿಟ್ಟರೂ ಅಂಟಿ ನಿಂತರೆ ಅದು ನಿಮ್ಮ ಅಳತೆ. ಹೊಸ ಮಾಸ್ಕಿನ ಗಾಜಿನ ಒಳಬದಿಗೆ ತಯಾರಿಕೆಯ ಪದರವೊಂದು ಅಂಟಿರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿಂದ ಎರಡು ಮೂರು ಸಲ ತಿಕ್ಕಿ ತೊಳೆಯದಿದ್ದರೆ ನೀರಿಗಿಳಿದ ಐದೇ ನಿಮಿಷಕ್ಕೆ ಮಂಜು ಕಟ್ಟುತ್ತದೆ. ದಪ್ಪ ಮೀಸೆಯವರಿಗೆ ಮೂಗಿನ ಕೆಳಗಿನಿಂದ ನೀರು ಸೋರುತ್ತಲೇ ಇರುತ್ತದೆ. ಮೀಸೆ ಪೂರ್ತಿ ತೆಗೆಯಬೇಕಿಲ್ಲ, ಮೂಗಿಗೆ ತಾಗಿದ ಒಂದು ಎಳೆಯಷ್ಟು ಜಾಗ ಬೋಳಿಸಿಕೊಂಡರೆ ರಬ್ಬರ್ ಚರ್ಮಕ್ಕೆ ಕೂರುತ್ತದೆ.